ಇರುಸಿನ ಲೆಕ್ಕ

ನನ್ನ ಜಮಾಖರ್ಚಿನ ಪುಸ್ತಕದಲ್ಲಿ ‘ಓಮ್ನಿ, ಹಿಂದಿನ ಎಡಚಕ್ರ’ ಎಂಬ ತಲೆಬರಹವುಳ್ಳ ಪುಟವೊಂದಿದೆ. ಅದರ ಒಂದು ಬದಿಯಲ್ಲಿ 11,240 ರೂಪಾಯಿಗಳ ಖರ್ಚೂ ಇನ್ನೊಂದು ಬದಿಯಲ್ಲಿ 110 ರೂಪಾಯಿಗಳ ಉಳಿತಾಯವೂ ದಾಖಲಾಗಿದ್ದು, ಎರಡೂ ಸಂಖ್ಯೆಗಳು ಸತ್ಯವೇ ಆಗಿರುವುದರಿಂದ, ಒಂದೇ ಪುಟದಲ್ಲಿ ಅವು ಹೇಗೆ ಸಂಸಾರ ಹೂಡಿಕೊಂಡಿವೆಯೆಂಬುದನ್ನು ನಿವೇದಿಸಿಕೊಳ್ಳುವುದು, ಪ್ರತಿ ತಿಂಗಳೂ ಪರರಿಗೆ ಮಿತವ್ಯಯವನ್ನು ಬೋಧಿಸುವ ಈ ಅಂಕಣಕಾರನ ಪಾಲಿಗೆ ಬಹುಕಾಲದಿಂದ ಬಾಕಿ ಉಳಿದಿರುವ ಋಣವೇ ಸರಿ.

ನಮ್ಮ ಓಮ್ನಿ 2008ರದು. 1984ರಲ್ಲಿ ಬರಿಯ ‘ವ್ಯಾನ್’ ಎಂಬ ಹೆಸರಿನಿಂದ ಬೀದಿಗಿಳಿದು 2019ರಲ್ಲಿ ತಯಾರಿಕೆ ನಿಂತುಹೋದ ಈ ಡಬ್ಬಿಯಾಕಾರದ ವಾಹನವು ಸೌಂದರ್ಯದಿಂದ ಯಾರನ್ನೂ ಮರುಳುಗೊಳಿಸಿದುದಲ್ಲವಾದರೂ, ಮದುವೆಯ ಪಾತ್ರೆಗಳಿಂದ ಹಿಡಿದು ಆಸ್ಪತ್ರೆಯ ರೋಗಿಯವರೆಗೆ ಎಲ್ಲವನ್ನೂ ನಿರ್ವಿಕಾರಚಿತ್ತದಿಂದ ಹೊತ್ತು ಸಾಗಿಸುವ ಅದರ ಗುಣಕ್ಕೆ ಮನೆಮಂದಿಯೆಲ್ಲ ಶರಣಾಗಿದ್ದೆವು. ಹದಿನೈದು ವರ್ಷ ತುಂಬಿದ ಕಾರಿನ ನೋಂದಣಿಯನ್ನು ನವೀಕರಿಸುವ ಶುಲ್ಕವು 2022ರ ಏಪ್ರಿಲಿನಲ್ಲಿ 600 ರೂಪಾಯಿಗಳಿಂದ 5,000ಕ್ಕೆ ಏರಿತ್ತಷ್ಟೆ. ಮರುವರ್ಷ ಆ ಮೊತ್ತವನ್ನು ತೆತ್ತು, ಇನ್ನೈದು ವರ್ಷಗಳ ಆಯುಷ್ಯವನ್ನು ಬರೆಸಿಕೊಂಡು ನೆಮ್ಮದಿಯಿಂದ ಮನೆಗೆ ಬಂದ ತಿಂಗಳಲ್ಲಿಯೇ ಹಿಂಬದಿಯಿಂದ ದುಂಬಿಯ ಝೇಂಕಾರದಂತಹ ಒಂದು ನಾದ ಕೇಳತೊಡಗಿತು. ಗೇರು ಬದಲಿಸಿದರೆ ಅದು ಬದಲಾಗದು. ನ್ಯೂಟ್ರಲ್ಲಿನಲ್ಲಿ ಬಿಟ್ಟರೆ ಅಡಗದು. ಚಕ್ರದ ವೇಗವನ್ನು ಮಾತ್ರವೇ ಅನುಸರಿಸಿ ಏರುವುದು, ಇಳಿಯುವುದು. ಜ್ಯಾಕ್ ಕೊಟ್ಟು ಎಡಚಕ್ರವನ್ನು ಎತ್ತಿ, ಒಂದು ಕೈಯಿಂದ ಚಕ್ರವನ್ನು ತಿರುಗಿಸುತ್ತ ಇನ್ನೊಂದು ಅಂಗೈಯನ್ನು ಪಟ್ಟೆ ಸ್ಪ್ರಿಂಗಿನ ಮೇಲಿಟ್ಟಾಗ, ಬೀಸುವ ಕಲ್ಲಿನೊಳಗೆ ಮರಳು ಸಿಕ್ಕಿದಂತೆ ಅಂಗೈಗೆ ಸ್ಪಷ್ಟವಾದ ಕೊರಕೊರ ತಾಕಿತು. ಆ್ಯಕ್ಸಲ್ ಬೇರಿಂಗ್ ಸವೆದಿತ್ತು.

ಸವೆಯಲು ಕಾರಣನಾರೆಂಬುದನ್ನು ಹೊರಗೆಲ್ಲೂ ಹುಡುಕಬೇಕಾಗಿರಲಿಲ್ಲ. ಮಹಡಿಯ ಮೇಲೊಂದು ಕೋಣೆಯನ್ನು ಕಟ್ಟಿಸುವಾಗ, ಲಗೇಜ್ ಆಟೋದವನು ಕೇಳಿದ 500 ರೂಪಾಯಿ ಬಾಡಿಗೆಯನ್ನು ಅನ್ಯಾಯವೆಂದು ಭಾವಿಸಿ, ಐವತ್ತು ಕಿಲೋ ತೂಕದ ಸಿಮೆಂಟ್ ಚೀಲಗಳನ್ನು ಹನ್ನೆರಡರಂತೆ ನಾಲ್ಕು ಸಲ ನಾನೇ ಓಮ್ನಿಯಲ್ಲಿ ಹೇರಿ ತಂದಿದ್ದೆನು. ಗುಂಡುಗಳ ಬೇರಿಂಗಿನ ಆಯುಸ್ಸು ಹೊರೆಯ ಘನಕ್ಕೆ ವಿಲೋಮವಾಗಿರುವುದೆಂದು ಯಂತ್ರಶಾಸ್ತ್ರದ ಪ್ರಸಿದ್ಧ ಸೂತ್ರವೊಂದು ಹೇಳುತ್ತದೆ: ಹೊರೆ ಇಮ್ಮಡಿಯಾದರೆ ಆಯುಸ್ಸು ಅರ್ಧವಾಗುವುದಿಲ್ಲ, ಎಂಟನೆಯ ಒಂದಂಶಕ್ಕೆ ಇಳಿಯುತ್ತದೆ. ಸಾಲದ ಚಕ್ರಬಡ್ಡಿಯನ್ನು ಕುರಿತು ಈ ಅಂಕಣದಲ್ಲಿ ನಾಲ್ಕಾರು ಸಲ ಬರೆದಿರುವ ನನಗೆ, ಚಕ್ರವೇ ವಸೂಲು ಮಾಡುವ ಈ ಬಡ್ಡಿಯ ದರ ಆಗ ತಿಳಿದಿರಲಿಲ್ಲ.

ಪರಿಚಯದ ಗ್ಯಾರೇಜಿನವನು ಎರಡೂ ಹಿಂಚಕ್ರಗಳಿಗೆ ಸಾಮಾನು, ಕೂಲಿ ಎಲ್ಲ ಸೇರಿ 5,200 ರೂಪಾಯಿಗಳೆಂದು ಚೀಟಿ ಬರೆದುಕೊಟ್ಟನು. ವಿಮೆಯ ಕಡೆಗೆ ನೋಡಿ ಪ್ರಯೋಜನವಿಲ್ಲ. ಸವಕಳಿಯನ್ನೂ ಯಾಂತ್ರಿಕ ಕೆಡುಕನ್ನೂ ನಮ್ಮ ದೇಶದ ಮೋಟಾರು ಪಾಲಿಸಿಗಳು ಹೊರಗಿಟ್ಟೇ ಬರೆಯಲ್ಪಟ್ಟಿರುತ್ತವೆ. ಬಲಚಕ್ರವು ನಿಃಶಬ್ದವಾಗಿದ್ದುದರಿಂದ ಅದನ್ನೇಕೆ ಬಿಚ್ಚಬೇಕು ಎಂಬ ಪ್ರಶ್ನೆ ಮೊದಲು ಹುಟ್ಟಿತು. ಎಡಚಕ್ರವನ್ನು ಅವನೇ ಏಕೆ ಬಿಚ್ಚಬೇಕು ಎಂಬ ಪ್ರಶ್ನೆ ಅದರ ಬೆನ್ನಿಗೇ ಹುಟ್ಟಿತು.

ಈ ಎರಡನೆಯ ಪ್ರಶ್ನೆಗೆ ನನ್ನ ಬಾಲ್ಯವೂ ಸ್ವಲ್ಪಮಟ್ಟಿಗೆ ಹೊಣೆ. ನಮ್ಮ ತಂದೆಯವರು ಗಾಡಿಯನ್ನು ಹೊರಡಿಸುವ ಮೊದಲು ಕಡಾಣಿಯನ್ನು ಕಿತ್ತು, ಚಕ್ರವನ್ನು ಇರುಸಿನ ಮೇಲೆ ಗೇಣಗಲ ಹೊರಕ್ಕೆಳೆದು, ಗಾಡಿಯಡಿಯಲ್ಲಿ ತೂಗುತ್ತಿದ್ದ ಬಿದಿರಿನ ಗೊಟ್ಟದಿಂದ ಕಪ್ಪನೆಯ ಕೀಲೆಣ್ಣೆಯನ್ನು ಕಡ್ಡಿಯಲ್ಲಿ ತೆಗೆದು ಸವರಿ, ಮತ್ತೆ ಚಕ್ರವನ್ನು ತಳ್ಳಿ ಕಡಾಣಿ ಹಾಕುವುದರೊಳಗೆ, ಎತ್ತುಗಳು ಒಂದು ಹಿಡಿ ಹುಲ್ಲನ್ನೂ ಮೆದ್ದು ಮುಗಿಸಿರುತ್ತಿರಲಿಲ್ಲ. ಇರುಸಿನ ಆರೈಕೆಯೆಂದರೆ ಇಷ್ಟೇ ಎಂಬ ಭಾವನೆ ಎಳವೆಯಲ್ಲಿಯೇ ನನ್ನಲ್ಲಿ ಬೇರೂರಿತ್ತು. ಇಂಗ್ಲೆಂಡಿನ ನೆರೆಯ ವೇಲ್ಸ್ ನಾಡಿನ ಫಿಲಿಪ್ ವಾನ್ ಎಂಬಾತನು ಕುದುರೆಗಾಡಿಯ ಇರುಸಿಗೆ ಗುಂಡುಗಳನ್ನು ಅಳವಡಿಸುವ ಉಪಾಯಕ್ಕೆ 1794ರಲ್ಲಿಯೇ ಹಕ್ಕುಪತ್ರವನ್ನು ಪಡೆದಿದ್ದನು; ಆದರೆ ಗುಂಡುಗಳು ಬಂದ ಮೇಲೆ ಕಡ್ಡಿಯಿಂದ ಎಣ್ಣೆ ಸವರುವ ಕಾಲ ಹೋಗಿ, ಮಿಲಿಮೀಟರಿನ ನೂರಾಂಶಗಳನ್ನು ಎಣಿಸುವ ಕಾಲ ಬಂದಿತೆಂಬುದನ್ನು ಮೈಸೂರಿನ ನಮ್ಮ ಮನೆಯ ಮಗ್ಗುಲಿನ ತಗಡಿನ ಶೆಡ್ಡಿನೊಳಗೆ ಅನುಭವಿಸಿ ತಿಳಿಯುವುದು ನನ್ನ ಹಣೆಯಲ್ಲಿ ಬರೆದಿತ್ತು.

ಸಾಮಾನುಗಳ ಪಟ್ಟಿ ಚಿಕ್ಕದು. ಬೇರಿಂಗ್ 620, ಆಯಿಲ್ ಸೀಲ್ 90, ಬೇರಿಂಗನ್ನು ಸರಿಯದಂತೆ ಹಿಡಿದಿಡುವ ಉಕ್ಕಿನ ಕಾಲರು 110, ಗೇರ್ ಎಣ್ಣೆ 420, ಬ್ರೇಕ್ ಎಣ್ಣೆ 130: ಒಟ್ಟು 1,370. ಪೆಟ್ಟಿಗೆಯ ಮೇಲಿನ ಮುದ್ರಣವನ್ನು ಪರೀಕ್ಷಿಸಿ, ಬಿಲ್ಲನ್ನು ಕೇಳಿ ಪಡೆದೆನು. ನಕಲಿ ಬೇರಿಂಗಿನ ಹಾವಳಿ ನಕಲಿ ನೋಟಿನದಕ್ಕಿಂತ ಕಡಿಮೆಯದಲ್ಲ. ಆದರೆ ಬರಿಗೈಯಿಂದ ಆ್ಯಕ್ಸಲನ್ನು ಎಳೆಯಲಾಗದಷ್ಟೆ. ಜ್ಯಾಕಿನ ಮೇಲೆ ನಿಂತ ಕಾರಿನಡಿಗೆ ತಲೆ ಕೊಡುವ ಮೂರ್ಖತನ ಬೇಡವೆಂದು ಎರಡು ಭದ್ರವಾದ ಸ್ಟ್ಯಾಂಡುಗಳಿಗೆ 1,700, ಇರುಸನ್ನು ಜಗ್ಗಿ ತೆಗೆಯುವ ಸ್ಲೈಡ್ ಹ್ಯಾಮರಿಗೆ 1,900, ಹಳೆಯ ಕಾಲರನ್ನು ಕೊಯ್ಯುವ ಗ್ರೈಂಡರಿಗೆ 2,350, ನಟ್ಟುಗಳನ್ನು ಅಳತೆಯ ಬಲದಿಂದ ಬಿಗಿಯುವ ಟಾರ್ಕ್ ವ್ರೆಂಚಿಗೆ 2,800. ಹೀಗೆ 1,370ರ ಮೂಗಿಗೆ 8,750ರ ಮೂಗುತಿ ಸಿದ್ಧವಾಯಿತು. ಅಂಗಡಿಯಿಂದ ಹಿಂದಿರುಗುವಾಗ ನಾನು ಅವನ್ನು ಖರ್ಚೆಂದು ಭಾವಿಸದೆ ‘ಬಂಡವಾಳ’ವೆಂದು ಭಾವಿಸಿದೆನು. ವ್ಯಾಪಾರಿಗಳಲ್ಲದವರ ಬಾಯಲ್ಲಿ ಈ ಪದವು ಎಷ್ಟೊಂದು ಅಪವ್ಯಯಗಳನ್ನು ಮುಚ್ಚಿದೆಯೋ ಬಲ್ಲವರಾರು!

ಮೊದಲನೆಯ ಭಾನುವಾರ. ಡಿಫರೆನ್ಷಿಯಲ್ಲಿನ ಎಣ್ಣೆಯನ್ನು ಇಳಿಸಿ, ಡ್ರಮ್ಮನ್ನು ಕಳಚಿ, ಬ್ರೇಕಿನ ಕೊಳವೆಯನ್ನು ಬಿಡಿಸಿ, ಹಿಂದಿನ ತಟ್ಟೆಯ ನಟ್ಟುಗಳನ್ನು ತೆಗೆದು, ಸ್ಲೈಡ್ ಹ್ಯಾಮರಿನಿಂದ ನಾಲ್ಕು ಬಾರಿ ಜಗ್ಗಿದಾಗ, ಇರುಸು ತಟ್ಟೆಯ ಸಮೇತ, ಬಾಳೆಯ ಗೊನೆಯಂತೆ ಕೈಗೆ ಬಂದಿತು. ಕಾಲರನ್ನು ಗ್ರೈಂಡರಿನಿಂದ ಒಂದು ಕಡೆ ತೆಳುವಾಗುವವರೆಗೆ ಕೊಯ್ದು, ಇರುಸಿಗೆ ಗಾಯವಾಗುವ ಮೊದಲೇ ನಿಲ್ಲಿಸಿ, ಉಳಿಯಿಟ್ಟು ಒಂದೇಟು ಹಾಕಿದರೆ ಅದು ಟಣ್ಣೆಂದು ಸೀಳುವುದು. ಈ ಒಂದು ಶಬ್ದಕ್ಕಾಗಿ ಗ್ರೈಂಡರಿನ ಬೆಲೆಯನ್ನು ನಾನು ಇಂದಿಗೂ ಕ್ಷಮಿಸಬಲ್ಲೆ. ಅಲ್ಲಿಯವರೆಗೆ ಎಲ್ಲವೂ ಸುಸೂತ್ರ.

ಹೊಸ ಬೇರಿಂಗಿನ ಒಳ ಉಂಗುರವು ಇರುಸಿಗಿಂತ ಕೂದಲಿನ ಒಂದು ಪಾಲಿನಷ್ಟು ಚಿಕ್ಕದಾಗಿರುವುದು. ಆ ಬಿಗಿತದಿಂದಲೇ ಅದು ಜಾರದೆ ನಿಲ್ಲುವುದು. ಮೂವತ್ತು ಮಿಲಿಮೀಟರ್ ಒಳವ್ಯಾಸದ ಉಕ್ಕಿನ ಉಂಗುರವನ್ನು ಎಂಬತ್ತು ಡಿಗ್ರಿಗಳಷ್ಟು ಹೆಚ್ಚಾಗಿ ಕಾಯಿಸಿದರೂ ಅದು ಹಿಗ್ಗುವುದು ಮಿಲಿಮೀಟರಿನ ಸುಮಾರು ಮೂರು ನೂರಾಂಶ ಮಾತ್ರ. ಈ ಸೂಕ್ಷ್ಮಕ್ಕೆ ಬೇಕಾದುದು ಒಳ ಉಂಗುರವನ್ನು ಮಾತ್ರ ಒತ್ತುವ, ಸಮನಾದ, ನಿಧಾನವಾದ, ಟನ್ನುಗಟ್ಟಲೆ ಬಲ. ನನ್ನಲ್ಲಿದ್ದುದು ಮನೆಯ ನಲ್ಲಿಯ ಕೆಲಸದಲ್ಲಿ ಮಿಕ್ಕಿದ ಒಂದು ಕಬ್ಬಿಣದ ಕೊಳವೆ ಮತ್ತು ಸುತ್ತಿಗೆ. ಕೊಳವೆಯು ಒಳ ಉಂಗುರಕ್ಕಿಂತ ಅಗಲವಾಗಿದ್ದು ಹೊರ ಉಂಗುರದ ಮೇಲೆ ಕುಳಿತಿತು. ಕುಳಿತುದನ್ನು ಕಂಡೂ ನಾನು ಹೊಡೆದೆನು. ಹೊರ ಉಂಗುರಕ್ಕೆ ಬಿದ್ದ ಪೆಟ್ಟು ಒಳ ಉಂಗುರವನ್ನು ಮುಟ್ಟಬೇಕಾದರೆ ನಡುವಿನ ಗುಂಡುಗಳನ್ನು ಹಾದೇ ಹೋಗಬೇಕಷ್ಟೆ. ಒಂದೊಂದು ಏಟಿಗೂ ಒಂದೊಂದು ಗುಂಡು ತಾನು ಉರುಳಬೇಕಾದ ಹಾದಿಯಲ್ಲಿ ಕಣ್ಣಿಗೆ ಕಾಣದ ಕುಳಿಯೊಂದನ್ನು ತೋಡಿಕೊಂಡಿತು. ಸ್ವೀಡನ್ನಿನ ಬ್ರಿನೆಲ್ ಎಂಬ ತಂತ್ರಜ್ಞನು ಗಟ್ಟಿ ಗುಂಡೊಂದನ್ನು ಲೋಹಕ್ಕೆ ಒತ್ತಿ, ಮೂಡಿದ ಕುಳಿಯನ್ನು ಅಳೆದು ಲೋಹದ ಕಾಠಿಣ್ಯವನ್ನು ನಿರ್ಣಯಿಸುವ ವಿಧಾನವನ್ನು 1900ರಲ್ಲಿ ಲೋಕಕ್ಕೆ ತೋರಿಸಿಕೊಟ್ಟನು. ಬೇರಿಂಗಿನಲ್ಲಿ ಮೂಡುವ ಇಂತಹ ಕುಳಿಗಳನ್ನು ಇಂದಿಗೂ ಅವನ ಹೆಸರಿನಿಂದಲೇ ಕರೆಯುತ್ತಾರೆ. ಅವನು ಪ್ರಯೋಗಶಾಲೆಯಲ್ಲಿ ಬುದ್ಧಿಪೂರ್ವಕವಾಗಿ ಮಾಡಿದುದನ್ನು ನಾನು ಶೆಡ್ಡಿನಲ್ಲಿ 620 ರೂಪಾಯಿಗಳ ಮೇಲೆ ಮಾಡಿದೆನು.

ಅಂದು ಸಂಜೆ, ಬ್ರೇಕಿನಿಂದ ಗಾಳಿಯನ್ನು ತೆಗೆಯಲು ಪೆಡಲನ್ನು ಒತ್ತಿ ಬಿಡಬೇಕಾದವಳು ನನ್ನ ಪತ್ನಿ. ‘ಒತ್ತು’, ‘ಬಿಡು’ ಎಂಬ ಎರಡೇ ಪದಗಳ ಆ ದೀರ್ಘ ಸಂಭಾಷಣೆಯ ಅನಂತರ ಅವಳು, ಇದಕ್ಕೂ ಕೂಲಿಯನ್ನು ಬರೆದುಕೊಳ್ಳುತ್ತೀರಾ ಎಂದು ಕೇಳಿದಳು. ಬರೆದುಕೊಂಡಿಲ್ಲ, ಅದು ಈ ಲೆಕ್ಕದ ಇನ್ನೊಂದು ದೋಷ.

ತಿಂಗಳೊಂದು ಕಳೆಯುವುದರೊಳಗಾಗಿ ದುಂಬಿ ಮತ್ತೆ ಹಾಡಿತು. ಈ ಸಲ ಕಾಲರನ್ನು ಕೊಯ್ದು ಬೇರಿಂಗನ್ನು ತೆಗೆದ ಮೇಲೆ ಬರಿಯ ಇರುಸನ್ನೂ ತಟ್ಟೆಯನ್ನೂ ಹೊಸ ಸಾಮಾನುಗಳನ್ನೂ ಗೋಣಿತಾಟಿನಲ್ಲಿ ಸುತ್ತಿಕೊಂಡು ಹೆಬ್ಬಾಳು ಕೈಗಾರಿಕಾ ಪ್ರದೇಶದ ಒಂದು ಲೇತ್ ಅಂಗಡಿಗೆ ಹೋದೆನು. ಅಂಗಡಿಯಾತ ಮೊದಲು ತಟ್ಟೆಯನ್ನು ಇರುಸಿಗೆ ಏರಿಸಿ—ಅದನ್ನು ಮರೆತರೆ ಎಲ್ಲವನ್ನೂ ಮತ್ತೆ ಕೊಯ್ಯಬೇಕಾಗುತ್ತದೆ—ಬೇರಿಂಗನ್ನು ಇಟ್ಟು, ಒಳ ಉಂಗುರಕ್ಕೆ ಸರಿಹೋಗುವ ಕೊಳವೆಯನ್ನು ಅದರ ಮೇಲಿರಿಸಿ, ಹೈಡ್ರಾಲಿಕ್ ಪ್ರೆಸ್ಸಿನ ಹಿಡಿಯನ್ನು ಹತ್ತಾರು ಸಲ ಆಡಿಸಿದನು. ಕಾಲರಿಗೂ ಅದೇ ಉಪಚಾರ. ಸದ್ದಿಲ್ಲ, ಬೆವರಿಲ್ಲ, ನಾಲ್ಕು ನಿಮಿಷ. 300 ರೂಪಾಯಿ. ಹೋಗುವಾಗ ಕೇಳಿದನು, ಇರುಸನ್ನು ಎಳೆದದ್ದು ಹೇಗೆ ಎಂದು. ಸ್ಲೈಡ್ ಹ್ಯಾಮರಿನ ವಿಷಯವನ್ನು ಕೊಂಚ ಹೆಮ್ಮೆಯಿಂದಲೇ ಹೇಳಿದೆನು. ಅವನು ನಕ್ಕು, ಕಳಚಿದ ಡ್ರಮ್ಮನ್ನೇ ಬೆನ್ನುಮುಖವಾಗಿ ಬೋಲ್ಟುಗಳಿಗೆ ತೊಡಿಸಿ, ನಟ್ಟುಗಳನ್ನು ಸಡಿಲವಾಗಿ ಕೂರಿಸಿ ಎರಡು ಬಾರಿ ಜಗ್ಗಿದರೆ ಸಾಕಿತ್ತಲ್ಲ ಸ್ವಾಮಿ ಎಂದನು. 1,900 ರೂಪಾಯಿಗಳ ಪಾಠವನ್ನು ಅವನು ಪುಕ್ಕಟೆಯಾಗಿ ಹೇಳಿದ್ದರಿಂದ, ಆ 300 ನನಗೆ ಅಗ್ಗವೆನಿಸಿತು.

ಇನ್ನು ಲೆಕ್ಕ. ಎರಡನೆಯ ಸಲದ ಬೇರಿಂಗ್, ಸೀಲು, ಕಾಲರು, ಲೇತಿನ ಕೂಲಿ ಸೇರಿ 1,120. ಗೇರ್ ಎಣ್ಣೆ ಹೊಸದಾಗಿಯೇ ಇದ್ದುದರಿಂದ ಸೋಸಿ ಮತ್ತೆ ಸುರಿದೆನು, ಬ್ರೇಕಿಗೆ ಮೊದಲ ಡಬ್ಬಿಯೇ ಸಾಕಾಯಿತು. ಮೊದಲಿನ 1,370 ಕೂಡಿಸಿದರೆ 2,490. ಗ್ಯಾರೇಜಿನವನ ಚೀಟಿಯಲ್ಲಿ ಒಂದು ಚಕ್ರದ ಪಾಲು 2,600. ಉಳಿದುದು 110 ರೂಪಾಯಿ; ಎರಡು ದಿನಗಳ ಹನ್ನೊಂದು ಗಂಟೆಗಳಿಗೆ ಹಂಚಿದರೆ ಗಂಟೆಗೆ ಹತ್ತು ರೂಪಾಯಿ. ನಾನು ಸುತ್ತಿಗೆಯನ್ನೇ ಮುಟ್ಟದೆ ಮೊದಲ ಸಲವೇ ಲೇತಿಗೆ ಹೋಗಿದ್ದರೆ 930 ರೂಪಾಯಿ ಉಳಿಯುತ್ತಿದ್ದಿತು. ಹಾಗೆ ಉಳಿಸುತ್ತ ಹೋದರೂ, ಉಪಕರಣಗಳ 8,750 ಹಿಂದಿರುಗಲು ಹತ್ತನೆಯ ಚಕ್ರದವರೆಗೆ ಕಾಯಬೇಕು. ನಮ್ಮ ಓಮ್ನಿಗೆ ಹಿಂದಿನ ಚಕ್ರಗಳು ಎರಡೇ.

ನನ್ನ ತಪ್ಪು ಸ್ವತಃ ದುಡಿದುದರಲ್ಲಿ ಇರಲಿಲ್ಲವೆಂದು ಈಗಲೂ ನಂಬಿದ್ದೇನೆ; ಯಾವ ಭಾಗವನ್ನು ಸ್ವತಃ ದುಡಿಯಬೇಕೆಂಬ ವಿವೇಚನೆಯಲ್ಲಿ ಇದ್ದಿತು. ಬಿಚ್ಚುವುದು, ತೊಳೆಯುವುದು, ಒರೆಸುವುದು, ಮತ್ತೆ ಜೋಡಿಸುವುದು, ಇವೇ ಹೆಚ್ಚು ಹೊತ್ತನ್ನು ನುಂಗುವ ಕೆಲಸಗಳು. ಇಲ್ಲಿ ಕೈ ತಪ್ಪಿದರೆ ನಷ್ಟ ಹತ್ತೋ ಇಪ್ಪತ್ತೋ ರೂಪಾಯಿ. ಗ್ಯಾರೇಜಿನ ಕೂಲಿಯ ಬಹುಭಾಗವೂ ಈ ಹೊತ್ತಿಗೇ ಸಲ್ಲುವುದು. ಒತ್ತಿ ಕೂರಿಸುವ ನಾಲ್ಕು ನಿಮಿಷಗಳಲ್ಲಾದರೋ, ಕೈ ತಪ್ಪಿದರೆ ಇಡೀ ಕೆಲಸವೇ ದಂಡ. ನಾನು ದುಬಾರಿಯಾದ ನಾಲ್ಕು ನಿಮಿಷಗಳನ್ನು ಅಗ್ಗದ ಸುತ್ತಿಗೆಗೂ, ಅಗ್ಗದ ನಾಲ್ಕು ಗಂಟೆಗಳನ್ನು ದುಬಾರಿ ಉಪಕರಣಗಳಿಗೂ ಒಪ್ಪಿಸಿದ್ದೆನು. ಸ್ಟ್ಯಾಂಡುಗಳ ಮತ್ತು ಟಾರ್ಕ್ ವ್ರೆಂಚಿನ ಬಗೆಗೆ ಮಾತ್ರ ನನಗೆ ಪಶ್ಚಾತ್ತಾಪವಿಲ್ಲ; ಒಂದು ಪ್ರಾಣವನ್ನು ಕಾಯುವುದು, ಇನ್ನೊಂದು ಚಕ್ರವನ್ನು. ಸ್ಲೈಡ್ ಹ್ಯಾಮರನ್ನು ಕೊಳ್ಳಲಿಚ್ಛಿಸುವವರು ಪತ್ರ ಬರೆಯಬಹುದು.

ಕಳೆದ ವಾರ ಬಲಚಕ್ರದಿಂದಲೂ ಝೇಂಕಾರ ಆರಂಭವಾಯಿತು. ಶನಿವಾರ ರಾತ್ರಿಯೇ ಡ್ರಮ್ಮನ್ನು ಬೆನ್ನುಮುಖವಾಗಿ ತೊಡಿಸಿ ಜಗ್ಗಿದೆನು. ಲೇತಿನವನು ಸುಳ್ಳು ಹೇಳಿರಲಿಲ್ಲ, ಮೂರನೆಯ ಎಳೆತಕ್ಕೆ ಇರುಸು ಬಂದಿತು. ಆದರೆ ಭಾನುವಾರ ಅವನ ಅಂಗಡಿಗೆ ರಜೆಯೆಂಬುದನ್ನೂ, ಅಂದೇ ನಂಜನಗೂಡಿನಲ್ಲಿ ನಮ್ಮ ಬಂಧುಗಳ ಮನೆಯ ನಾಮಕರಣವೆಂಬುದನ್ನೂ ನಾನು ಪರಸ್ಪರ ಜೋಡಿಸಿ ನೋಡಿರಲಿಲ್ಲ. ಓಮ್ನಿಯು ಮೂರು ಚಕ್ರಗಳ ಮೇಲೆ ನಿಂತಿದ್ದುದನ್ನು ಬಾಗಿಲಿನಿಂದಲೇ ನೋಡಿದ ನನ್ನ ಪತ್ನಿ ಏನನ್ನೂ ನುಡಿಯದೆ ಆಧಾರ್ ಚೀಟಿಯನ್ನು ಕೈಚೀಲಕ್ಕೆ ಹಾಕಿಕೊಂಡು ಸರ್ಕಾರಿ ಬಸ್ಸಿನಲ್ಲಿ ಹೋಗಿ, ಊಟ ಮುಗಿಸಿ, ಸಂಜೆ ಹಿಂದಿರುಗಿದಳು; ಬಂದವಳೇ ಹೋಗುವಾಗಿನ ಮತ್ತು ಬರುವಾಗಿನ ಎರಡು ಶೂನ್ಯ ದರದ ಟಿಕೇಟುಗಳನ್ನು, ಖರ್ಚಿನ ಬದಿಗೆ ಅಂಟಿಸಬೇಕೋ ಉಳಿತಾಯದ ಬದಿಗೋ ಎಂದು ಕೇಳುತ್ತ, ನನ್ನ ಜಮಾಖರ್ಚಿನ ಪುಸ್ತಕದೊಳಗಿಟ್ಟಳು.