ಕೋವಿಯ ಲೈಸನ್ಸು ಬೇರೆ, ಹೊಡೆಯುವ ಅನುಮತಿ ಬೇರೆ

(ಸಂಘದ ಸಭೆಯಲ್ಲಿ ಓದಿ ಚರ್ಚಿಸಲು ಒಂದು ಪಾಠ)



ಹೊಸನಗರ ತಾಲ್ಲೂಕಿನ ಒಂದು ಸಂಘದ ವಾರದ ಸಭೆಗೆ ನಾವು ಹೋಗಿದ್ದಾಗ ಸಾಲದ ಅರ್ಜಿಯೊಂದು ಬಂತು. ಕಾರಣ ಬರೆಯುವ ಜಾಗದಲ್ಲಿ "ಗದ್ದೆ ಕಾಯಲು" ಎಂದಿತ್ತು. ವಿವರ ಕೇಳಿದಾಗ ಆ ಸದಸ್ಯೆ ಹೇಳಿದರು: "ಸಿಸ್ಟರ್, ಜಿಂಕೆ, ಹಂದಿ ಸೇರಿ ಅರ್ಧ ಗದ್ದೆ ಮುಗಿಸಿದಾವೆ. ಭತ್ತ ಕಾಳು ಕಟ್ಟೋ ಹೊತ್ತು. ನಮ್ಮನೆಯವರು ಕೋವಿ ರಿಪೇರಿ ಮಾಡಿಸಿ, ತಲೆಗೆ ಕಟ್ಟೋ ಬ್ಯಾಟರಿ ತಂದು ರಾತ್ರಿ ಕೂರ್ತೀನಿ ಅಂತಾರೆ. ಲೈಸನ್ಸ್ ಇದೆ, ಹೆದರಿಕೆ ಏನಿಲ್ಲ."

ಸಭೆ ಎರಡು ಪಾಲಾಯಿತು. "ನಮ್ಮ ಗದ್ದೆಗೆ ಬಂದಿದ್ದನ್ನ ಹೊಡೆದ್ರೆ ತಪ್ಪೇನು?" ಎಂದರು ಕೆಲವರು. "ಕೇಸಾದ ಮೇಲೆ ಕೋರ್ಟಿಗೆ ಅಲೆಯೋದು ಯಾರು?" ಎಂದರು ಉಳಿದವರು. ಸಾಗರ, ತೀರ್ಥಹಳ್ಳಿಯ ಸಂಘಗಳಲ್ಲೂ ಇದೇ ಪ್ರಶ್ನೆ ಏಳುತ್ತದೆ. ಆದ್ದರಿಂದ ಕಾನೂನು ಏನು ಹೇಳುತ್ತದೆ ಎಂಬುದನ್ನು ಈ ಸಲ ಒಟ್ಟಿಗೆ ಕಲಿಯೋಣ.

1. ಅಜ್ಜನ ಕಾಲದ ಲೈಸನ್ಸು

"ಹಿಂದೆ ಶಿಕಾರಿಗೆ ಲೈಸನ್ಸ್ ಕೊಡ್ತಿದ್ರು" ಎಂದು ಹಿರಿಯರು ಹೇಳುವುದು ಸುಳ್ಳಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಮೊದಲು ಬೇಟೆಯ ಲೈಸನ್ಸಿಗೆ ಅವಕಾಶವಿತ್ತು. ಆದರೆ ಆಗಲೂ ಸೂರ್ಯ ಮುಳುಗಿದ ಮೇಲೆ ಜಿಂಕೆ, ಕಡವೆಗಳನ್ನು ಹೊಡೆಯುವಂತಿರಲಿಲ್ಲ. ಬೆಳಕು ಬಿಟ್ಟು ಹೊಡೆಯುವುದಕ್ಕೂ ನಿಷೇಧವಿತ್ತು. 1991ರ ತಿದ್ದುಪಡಿ ಬಂದ ಮೇಲೆ ಆ ಲೈಸನ್ಸುಗಳೇ ಹೋದವು. ಈಗ ಹಗಲಾಗಲಿ ರಾತ್ರಿಯಾಗಲಿ, ಕಾಡಿನಲ್ಲಾಗಲಿ ನಮ್ಮ ಗದ್ದೆಯಲ್ಲಾಗಲಿ, ಕಾಯ್ದೆಯ ಪಟ್ಟಿಯಲ್ಲಿರುವ ಪ್ರಾಣಿಯನ್ನು ಅನುಮತಿ ಇಲ್ಲದೆ ಬೇಟೆಯಾಡುವುದು ಅಪರಾಧ. ಉರುಳು ಹಾಕುವುದು, ವಿಷ ಇಡುವುದು ಸಹ ಬೇಟೆಯೇ. ಗುರಿ ತಪ್ಪಿದರೂ ಪ್ರಯತ್ನಪಟ್ಟದ್ದೇ ಬೇಟೆ ಎನಿಸಿಕೊಳ್ಳುತ್ತದೆ.

2. ಹಾಗಾದರೆ ಕೋವಿ ಲೈಸನ್ಸ್ ಯಾಕೆ?

ಬೆಳೆ ರಕ್ಷಣೆಯ ಕೋವಿಗೆ ಜಿಲ್ಲಾಧಿಕಾರಿಗಳ ಕಚೇರಿಯಿಂದ ಸಿಗುವ ಲೈಸನ್ಸ್ 1959ರ ಆಯುಧ ಕಾಯ್ದೆಯದ್ದು. ಅದು ಕೋವಿಯನ್ನು ಇಟ್ಟುಕೊಳ್ಳಲು ಕೊಟ್ಟ ಒಪ್ಪಿಗೆ, ಪ್ರಾಣಿಯನ್ನು ಕೊಲ್ಲಲು ಕೊಟ್ಟ ಒಪ್ಪಿಗೆಯಲ್ಲ. ಎರಡು ಕಾಯ್ದೆ, ಎರಡು ಕಾಗದ. ಒಂದಿದ್ದರೆ ಇನ್ನೊಂದು ಇದ್ದ ಹಾಗಲ್ಲ.

ನಮ್ಮ ಭಾಗಕ್ಕೆ ಇನ್ನೊಂದು ಮಾತಿದೆ. ಶರಾವತಿ ಕಣಿವೆ, ಶೆಟ್ಟಿಹಳ್ಳಿ, ಸೋಮೇಶ್ವರ ಅಭಯಾರಣ್ಯಗಳು ನಮ್ಮ ಸುತ್ತಲೇ ಇವೆ. ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗಿನವರಿಗೆ ಹೊಸ ಕೋವಿ ಲೈಸನ್ಸ್ ಕೊಡಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಮೊದಲೇ ಬೇಕು. ಅಭಯಾರಣ್ಯದೊಳಗೆ ಕೋವಿ ಹಿಡಿದು ಹೋಗುವುದಕ್ಕೂ ಅವರ ಲಿಖಿತ ಅನುಮತಿ ಬೇಕು.

3. ಹೊಡೆಯುವ ಅನುಮತಿ ಯಾರ ಕೈಯಲ್ಲಿದೆ?

2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಪ್ರಾಣಿಗಳದ್ದು ಮುಖ್ಯವಾಗಿ ಎರಡು ಪಟ್ಟಿ.

ಮೊದಲ ಪಟ್ಟಿಯಲ್ಲಿ ಆನೆ, ಚಿರತೆ, ಕಾಡುಕೋಣ, ಸಿಂಗಳೀಕ ಮುಂತಾದವು ಇವೆ. ಬೆಳೆ ಹಾಳಾಯಿತು ಎಂಬ ಕಾರಣಕ್ಕೆ ಇವುಗಳನ್ನು ಕೊಲ್ಲಲು ಅನುಮತಿಯೇ ಇಲ್ಲ. ಮನುಷ್ಯರ ಜೀವಕ್ಕೆ ಅಪಾಯವಾದರೆ, ಇಲ್ಲವೇ ಪ್ರಾಣಿ ವಾಸಿಯಾಗದಷ್ಟು ಗಾಯ ಅಥವಾ ರೋಗದಿಂದ ನರಳುತ್ತಿದ್ದರೆ ಮಾತ್ರ ಮುಖ್ಯ ವನ್ಯಜೀವಿ ಪರಿಪಾಲಕರು ಆದೇಶ ಕೊಡಬಹುದು.

ಎರಡನೇ ಪಟ್ಟಿಯಲ್ಲಿ ಕಾಡುಹಂದಿ, ಚುಕ್ಕೆ ಜಿಂಕೆ ಮುಂತಾದವು ಇವೆ. ಇವು ಜೀವಕ್ಕೆ ಅಥವಾ ನಿಂತ ಬೆಳೆಗೆ ಅಪಾಯ ಎಂದು ಮನವರಿಕೆಯಾದರೆ ಮುಖ್ಯ ವನ್ಯಜೀವಿ ಪರಿಪಾಲಕರು, ಇಲ್ಲವೇ ಅವರು ಅಧಿಕಾರ ಕೊಟ್ಟ ಅಧಿಕಾರಿ, ಕಾರಣ ಬರೆದು ಲಿಖಿತ ಆದೇಶ ಹೊರಡಿಸಬಹುದು. "ಗಾರ್ಡಿಗೆ ಹೇಳಿದ್ವಿ, ಆಯ್ತು ಅಂದ್ರು" ಎಂಬುದು ಅನುಮತಿಯಲ್ಲ. ಆದೇಶದ ಮೇಲೆ ಹೊಡೆದರೂ ಆ ಪ್ರಾಣಿ ಸರ್ಕಾರದ ಸ್ವತ್ತು.

ಪಕ್ಕದ ಕೇರಳದಲ್ಲಿ 2022ರಲ್ಲಿ ಕಾಡುಹಂದಿ ಹೊಡೆಸುವ ಅಧಿಕಾರವನ್ನು ಪಂಚಾಯಿತಿ ಅಧ್ಯಕ್ಷರಿಗೆ ಕೊಟ್ಟ ಸುದ್ದಿ ಕೇಳಿರುತ್ತೀರಿ. ಅದು ಆ ರಾಜ್ಯದ ಆದೇಶ, ನಮಗೆ ಅನ್ವಯಿಸುವುದಿಲ್ಲ.

ಜೀವ ಉಳಿಸಿಕೊಳ್ಳಲು, ಅಥವಾ ಇನ್ನೊಬ್ಬರ ಜೀವ ಉಳಿಸಲು ಪ್ರಾಣಿಯನ್ನು ಹೊಡೆದರೆ ಅದು ಅಪರಾಧವಲ್ಲ. ಆದರೆ ಬೇಟೆಗೆಂದೇ ಹೊರಟವರಿಗೆ ಈ ರಕ್ಷಣೆ ಇಲ್ಲ. ಬೆಳೆ ಉಳಿಸಲು ಹೊಡೆದೆ ಎಂದರೂ ಇದು ಸಿಗುವುದಿಲ್ಲ.

4. ಅಡಿಗೆಮನೆಗೆ ಬರುವ ಕೇಸು

ಈ ಮಾತನ್ನು ಹೆಂಗಸರಾದ ನಾವು ಚೆನ್ನಾಗಿ ತಿಳಿದಿರಬೇಕು. ಹೊಡೆದವರು ಗಂಡಸರು, ಆದರೆ ಮಾಂಸ ಇರುವುದು ನಮ್ಮ ಪಾತ್ರೆಯಲ್ಲಿ. ಕಾಡುಪ್ರಾಣಿಯ ಮಾಂಸ ಯಾರ ವಶದಲ್ಲಿ ಸಿಕ್ಕಿತು ಎಂದು ರುಜುವಾತಾಗುತ್ತದೋ, ಅದು ಅಕ್ರಮವಲ್ಲ ಎಂದು ತೋರಿಸುವ ಹೊಣೆ ಅವರ ಮೇಲೇ ಬೀಳುತ್ತದೆ. ನೆರೆಮನೆಯವರು ಪ್ರೀತಿಯಿಂದ ಕಳಿಸಿದ ಪಾಲಿಗೂ ಇದೇ ನಿಯಮ. ಸತ್ತ ಜಿಂಕೆ ಸಿಕ್ಕರೂ ಅದು ನಮ್ಮದಲ್ಲ. ಮುಟ್ಟದೆ ಅರಣ್ಯ ಇಲಾಖೆಗೆ ಅಥವಾ ಪೊಲೀಸರಿಗೆ ಕೂಡಲೇ ತಿಳಿಸಿ.

ಶಿಕ್ಷೆ 3 ವರ್ಷದವರೆಗೆ ಜೈಲು, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮೊದಲ ಪಟ್ಟಿಯ ಪ್ರಾಣಿಯಾದರೆ ಅಥವಾ ಅಭಯಾರಣ್ಯದೊಳಗೆ ಬೇಟೆಯಾಡಿದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಜೊತೆಗೆ ದಂಡ 25,000 ರೂಪಾಯಿಗೆ ಕಡಿಮೆಯಿಲ್ಲ. ಬಳಸಿದ ಕೋವಿ, ಬೈಕು, ಜೀಪು ಸಹ ಜಪ್ತಿಯಾಗುತ್ತವೆ. ಸಂಘದಲ್ಲಿ ಸಾಲ ಮಾಡಿ ಕೊಂಡ ಬೈಕಾದರೆ ಕಂತು ಕಟ್ಟುವವರು ಯಾರು, ಯೋಚಿಸಿ.

5. ಕರೆಂಟಿನ ತಂತಿ ಬೇಡವೇ ಬೇಡ

ಕೋವಿ ಇಲ್ಲದವರು ಮನೆಯ ಲೈನಿನಿಂದ ಬೇಲಿಗೆ ಕರೆಂಟು ಕೊಡುವುದುಂಟು. ಕತ್ತಲಲ್ಲಿ ತಂತಿಗೆ ಮನುಷ್ಯ ಯಾರು, ಪ್ರಾಣಿ ಯಾವುದು ಗೊತ್ತಾಗುವುದಿಲ್ಲ. ಬೆಳಿಗ್ಗೆ ಹುಲ್ಲಿಗೆ ಹೋಗುವವರು, ಶಾಲೆಗೆ ಹೋಗುವ ಮಕ್ಕಳು, ನಮ್ಮದೇ ದನ ಅದೇ ಬೇಲಿ ದಾಟಬೇಕು. ಜೀವ ಹೋದರೆ ತಂತಿ ಕಟ್ಟಿದವರ ಮೇಲೆ ಸಾವಿನ ಕೇಸು, ಕದ್ದ ಕರೆಂಟಾದರೆ ಅದಕ್ಕೂ ಒಂದು ಕೇಸು. ಸಿಡಿಮದ್ದಿನ ಉಂಡೆಯೂ ಹೀಗೆಯೇ, ಮೇಯಲು ಹೋದ ಹಸುವಿನ ಬಾಯಿ ಛಿದ್ರವಾಗುತ್ತದೆ.

ಸೋಲಾರ್ ಬೇಲಿ ಇದಲ್ಲ. ಅದರಲ್ಲಿ ಬ್ಯಾಟರಿಯ ಯಂತ್ರ ಕ್ಷಣ ಕ್ಷಣಕ್ಕೆ ಬಿಟ್ಟು ಬಿಟ್ಟು ಹೊಡೆತ ಕೊಡುತ್ತದೆ. ಪ್ರಾಣಿ ಬೆಚ್ಚಿ ಹಿಂದೆ ಸರಿಯುತ್ತದೆ, ಸಾಯುವುದಿಲ್ಲ. ಮನೆಯ ಕರೆಂಟು ಬಿಡದೆ ಹಿಡಿದುಕೊಳ್ಳುತ್ತದೆ. ಹಂದಿಗೆ ಕೆಳಗಿನ ತಂತಿ ನೆಲಕ್ಕೆ ಹತ್ತಿರ ಇರಬೇಕು, ಜಿಂಕೆ ಹಾರುವುದರಿಂದ ಬೇಲಿ ಎತ್ತರವಾಗಿಯೂ ಇರಬೇಕು. ನಮ್ಮ ಮಳೆಗೆ ಹುಲ್ಲು, ಬಳ್ಳಿ ಬೆಳೆದು ತಂತಿಗೆ ತಾಗಿದರೆ ಬಲ ಸೋರಿಹೋಗುತ್ತದೆ, ಆಗಾಗ ಸವರಬೇಕು. ಸಹಾಯಧನ ಇದೆಯೇ ಎಂದು ರೇಂಜರ್ ಕಚೇರಿಯಲ್ಲಿ ವಿಚಾರಿಸಿ.

6. ನಾವು ಮಾಡಬಹುದಾದದ್ದು

● ಮಾಳದಲ್ಲಿ ಕೂತು ಕೂಗಿ, ಡಬ್ಬ ಬಡಿದು, ಬೆಳಕು ತೋರಿಸಿ ಗದ್ದೆಯಿಂದ ಓಡಿಸಲು ಲೈಸನ್ಸ್ ಬೇಡ. ನಾಲ್ಕು ಮನೆಯವರು ಸರದಿ ಮಾಡಿಕೊಂಡರೆ ಎಲ್ಲರಿಗೂ ನಿದ್ರೆ ಸಿಗುತ್ತದೆ. ಮಂಗನ ಕಾಯಿಲೆಯ ಕಾಲದಲ್ಲಿ ಉಣುಗು ಕಚ್ಚದಂತೆ ಮೈ ತುಂಬ ಬಟ್ಟೆ ಹಾಕಿ, ಆರೋಗ್ಯ ಕೇಂದ್ರದಲ್ಲಿ ಕೊಡುವ ಎಣ್ಣೆ ಹಚ್ಚಿಕೊಳ್ಳಿ.

● ಬೆಳೆ ಹಾಳಾದ ಮರುದಿನವೇ ಫೋಟೋ ತೆಗೆದು ಅರಣ್ಯ ಕಚೇರಿಗೆ ಪರಿಹಾರದ ಅರ್ಜಿ ಕೊಡಿ. ಹೆಜ್ಜೆ ಗುರುತು ಅಳಿಸಬೇಡಿ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿ ಇಡಿ. ಸರ್ವೆ ನಂಬರ್, ಬೆಳೆ, ಎಷ್ಟು ಗುಂಟೆ, ಯಾವ ಪ್ರಾಣಿ, ಯಾವ ದಿನ ಎಂದು ಬರೆಯಿರಿ. ಸಿಬ್ಬಂದಿ ಬಂದಾಗ ಮಹಜರು ಓದಿಯೇ ಸಹಿ ಹಾಕಿ. ಅರಣ್ಯ ಸಹಾಯವಾಣಿ 1926.

● ಪಹಣಿ ತೀರಿಹೋದ ಮಾವನ ಹೆಸರಲ್ಲೇ ಇದ್ದರೆ ಪರಿಹಾರ ತಡವಾಗುತ್ತದೆ. ಪೌತಿ ಖಾತೆ ಈಗಲೇ ಮಾಡಿಸಿ.

● ಲಿಂಗನಮಕ್ಕಿಯಲ್ಲಿ ಮುಳುಗಡೆಯಾದ ಕುಟುಂಬಗಳಲ್ಲಿ, ಬಗರ್‌ಹುಕುಂ ಸಾಗುವಳಿದಾರರಲ್ಲಿ ಹಲವರಿಗೆ ಕಾಗದವೇ ಇಲ್ಲ. ಅವರಿಗೆ ದಾರಿ ಕಠಿಣ, ಇದನ್ನು ನಾವು ಮುಚ್ಚಿಡುವುದಿಲ್ಲ. ಆದರೂ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ, ತಿರಸ್ಕರಿಸಿದರೆ ಹಿಂಬರಹ ಕೇಳಿ. ಬಾಯಿಮಾತಿಗೆ ದಾಖಲೆ ಇರುವುದಿಲ್ಲ.

● ಹಂದಿ, ಜಿಂಕೆಯ ಕಾಟ ವಿಪರೀತವಾದರೆ ಒಬ್ಬರೇ ಅಲೆಯಬೇಡಿ. ಸಂಘದಲ್ಲಿ ಠರಾವು ಮಾಡಿ, ಗ್ರಾಮಸಭೆಯಲ್ಲಿ ಮಂಡಿಸಿ, ಊರಿನ ಎಲ್ಲ ಹಾನಿಯ ಪಟ್ಟಿ ಸೇರಿಸಿ ಅರಣ್ಯ ಅಧಿಕಾರಿಗಳಿಗೆ ಕೊಡಿ. ಲಿಖಿತ ಆದೇಶ ಕೇಳುವುದಕ್ಕೂ ಇದೇ ದಾರಿ.

ಇಲಾಖೆಯವರು ತಡ ಮಾಡುತ್ತಾರೆ, ಪರಿಹಾರ ಬೆಳೆಯ ಬೆಲೆಗೆ ಸಮವಾಗುವುದಿಲ್ಲ ಎಂಬ ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆ ಸಿಟ್ಟನ್ನು ಅರ್ಜಿಯಲ್ಲಿ, ಗ್ರಾಮಸಭೆಯಲ್ಲಿ ತೋರಿಸೋಣ. ಕತ್ತಲಲ್ಲಿ ಕೋವಿಯಿಂದ ತೋರಿಸಿದರೆ ಬೆಳೆಯೂ ಹೋಗಿ, ದುಡಿಯುವ ಕೈಯೂ ಹೋದೀತು.

ಆ ಸಭೆಯಲ್ಲಿ ಕೋವಿಗೆ ಸಾಲ ಮಂಜೂರಾಗಲಿಲ್ಲ. ಮುಂದಿನ ತಿಂಗಳು ಅಕ್ಕಪಕ್ಕದ ಮೂರು ಮನೆಯವರು ಸೇರಿ ಒಂದೇ ಬೇಲಿಗೆ ಅರ್ಜಿ ಹಾಕಿದರು. ಅದಕ್ಕೆ ಎಲ್ಲರೂ ಕೈ ಎತ್ತಿದರು.

ಸಭೆಯಲ್ಲಿ ಚರ್ಚಿಸಿ

1. ನಮ್ಮ ಮನೆಯ ಕೋವಿ ಲೈಸನ್ಸ್ ಯಾರ ಹೆಸರಲ್ಲಿದೆ? ಅವಧಿ ಮುಗಿದಿದೆಯೇ?
2. ನಮ್ಮ ಊರಲ್ಲಿ ಕರೆಂಟು ಹಾಯಿಸಿದ ಬೇಲಿ ಇದೆಯೇ? ಅವರ ಮನೆಗೆ ಹೋಗಿ ಮಾತಾಡುವವರು ಯಾರು?
3. ಈ ವರ್ಷ ಎಷ್ಟು ಸದಸ್ಯರ ಬೆಳೆ ಹಾಳಾಗಿದೆ, ಎಷ್ಟು ಜನ ಅರ್ಜಿ ಕೊಟ್ಟಿದ್ದಾರೆ? ಸಂಘದ ಪುಸ್ತಕದಲ್ಲಿ ಬರೆದಿಡಿ.