ಬಂದೂಕು ಖರೀದಿ ಮತ್ತು ಮಾನಸಿಕ ಆರೋಗ್ಯ ದಾಖಲೆ: ಅಮೆರಿಕದ ವ್ಯವಸ್ಥೆ

ನ್ಯಾಯಾಲಯದ ಆದೇಶದಂತೆ ಮನೋರೋಗ ಆಸ್ಪತ್ರೆಗೆ ದಾಖಲಾದವರು ಬಂದೂಕು ಹೊಂದುವುದನ್ನು ಅಮೆರಿಕದ 1968ರ ಕಾಯ್ದೆ ನಿಷೇಧಿಸುತ್ತದೆ. ಬ್ರೇಡಿ ಕಾಯ್ದೆಯ (1993) ಫಲವಾದ, ಎಫ್‌ಬಿಐ ನಡೆಸುವ ತಪಾಸಣಾ ವ್ಯವಸ್ಥೆ ಎನ್‌ಐಸಿಎಸ್ 1998ರ ನವೆಂಬರ್‌ನಲ್ಲಿ ಆರಂಭವಾಯಿತು.

ಪರೀಕ್ಷೆಗೆ ಮುಖ್ಯವಾದದ್ದು ಇದರ ದುರ್ಬಲ ಕೊಂಡಿ. ಕೇಂದ್ರದ ತಪಾಸಣೆ ನಿಂತಿರುವುದು ರಾಜ್ಯಗಳು ಕಳಿಸುವ ದಾಖಲೆಗಳ ಮೇಲೆ. ಆದರೆ ಕೇಂದ್ರವು ರಾಜ್ಯದ ಅಧಿಕಾರಿಗಳಿಗೆ ಕೇಂದ್ರದ ನಿಯಂತ್ರಣ ಯೋಜನೆಯ ಜಾರಿಯನ್ನು ಕಡ್ಡಾಯಗೊಳಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಪ್ರಿಂಟ್ಜ್ ಪ್ರಕರಣದಲ್ಲಿ (1997) ತೀರ್ಪಿತ್ತಿತ್ತು. 2007ರ ಏಪ್ರಿಲ್ 16ರಂದು ವರ್ಜೀನಿಯಾ ಟೆಕ್‌ನಲ್ಲಿ 32 ಜನರನ್ನು ಕೊಂದವನಿಗೆ 2005ರಲ್ಲೇ ಹೊರರೋಗಿ ಚಿಕಿತ್ಸೆಯ ಆದೇಶವಾಗಿತ್ತು. ಆ ಮಾಹಿತಿ ಎನ್‌ಐಸಿಎಸ್‌ಗೆ ತಲುಪಿರಲೇ ಇಲ್ಲ. ಎಂಥ ದುಬಾರಿ ಲೋಪ! 2008ರ ಜನವರಿಯಲ್ಲಿ ಜಾರಿಯಾದ ತಿದ್ದುಪಡಿ ಕಾಯ್ದೆಯು ದಾಖಲೆ ಕಳಿಸುವ ರಾಜ್ಯಗಳಿಗೆ ಅನುದಾನದ ಉತ್ತೇಜನ ನೀಡಿತು.

ಹೋಲಿಕೆಗೆ: ಭಾರತದ ಶಸ್ತ್ರಾಸ್ತ್ರ ಕಾಯ್ದೆ, 1959ರ 14ನೇ ಕಲಂ ಮಾನಸಿಕ ಅಸ್ವಸ್ಥರಿಗೆ ಪರವಾನಗಿ ನಿರಾಕರಿಸುತ್ತದೆ.