ಯಾವ ಕಾನೂನಿನಡಿ, ಸ್ವಾಮಿ?

1985ರ ಜುಲೈ 26. ಕೇರಳದ ಶಾಲೆಯೊಂದರಿಂದ ಒಂದೇ ಮನೆಯ ಮೂವರು ಮಕ್ಕಳನ್ನು ಹೊರಹಾಕಲಾಯಿತು. ಅವರು ಯೆಹೋವನ ಸಾಕ್ಷಿಗಳು ಎಂಬ ಸಣ್ಣ ಕ್ರೈಸ್ತ ಪಂಗಡದವರು. ಬೆಳಗ್ಗೆ ರಾಷ್ಟ್ರಗೀತೆ ಶುರುವಾದರೆ ಎಲ್ಲರ ಜೊತೆ ಎದ್ದು ನೆಟ್ಟಗೆ ನಿಲ್ಲುತ್ತಿದ್ದರು, ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ಹಾಡುವುದು ಅವರ ನಂಬಿಕೆಗೆ ಒಗ್ಗದು. ಶಾಸಕರೊಬ್ಬರು ವಿಧಾನಸಭೆಯಲ್ಲಿ ವಿಷಯ ಎತ್ತಿದ ಮೇಲೆ ಗದ್ದಲವಾಯಿತು. ತನಿಖೆ ನಡೆಸಿದ ಆಯೋಗವೇ ಮಕ್ಕಳು ಅಗೌರವ ತೋರಿಲ್ಲವೆಂದು ವರದಿ ಕೊಟ್ಟಿತ್ತು. ಆದರೂ ಇಲಾಖೆಯ ಮೇಲಧಿಕಾರಿಯ ಸೂಚನೆ ಬಂತು, ಮುಖ್ಯೋಪಾಧ್ಯಾಯಿನಿ ಮಕ್ಕಳನ್ನು ಕಳಿಸಿಬಿಟ್ಟರು. ಹೈಕೋರ್ಟಿನ ಏಕಸದಸ್ಯ ಪೀಠದಲ್ಲಿ ಸೋಲು, ವಿಭಾಗೀಯ ಪೀಠದಲ್ಲೂ ಸೋಲು.

ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿ ಅವರ ಪೀಠ ಕೆದಕಿದ್ದು ಬಹಳ ಸರಳ ಪ್ರಶ್ನೆಯನ್ನು: ಹಾಡಲೇಬೇಕೆಂದು ಹೇಳುವ ಕಾನೂನು ಎಲ್ಲಿದೆ? 1971ರ ರಾಷ್ಟ್ರಗೌರವ ಕಾಯ್ದೆ ಶಿಕ್ಷಿಸುವುದು ಗೀತೆ ಹಾಡುವುದನ್ನು ತಡೆಯುವವರನ್ನು, ಹಾಡುವ ಸಭೆಗೆ ಅಡ್ಡಿ ಮಾಡುವವರನ್ನು. ಸುಮ್ಮನೆ ನಿಂತವರ ಬಗ್ಗೆ ಅದರಲ್ಲಿ ಏನೂ ಇಲ್ಲ. ಸರ್ಕಾರದ ಕೈಯಲ್ಲಿದ್ದದ್ದು ಇಲಾಖೆಯ ಸುತ್ತೋಲೆಗಳು ಮಾತ್ರ, ಅವುಗಳ ಹಿಂದೆ ಯಾವ ಶಾಸನದ ಬಲವೂ ಇರಲಿಲ್ಲ. ಸಂವಿಧಾನದ 19ನೇ ವಿಧಿಯ ಸ್ವಾತಂತ್ರ್ಯಕ್ಕೂ 25ನೇ ವಿಧಿಯ ಧರ್ಮಸ್ವಾತಂತ್ರ್ಯಕ್ಕೂ ಮಿತಿ ಹಾಕಬೇಕಾದರೆ ಕಾನೂನೇ ಬೇಕು, ಸುತ್ತೋಲೆ ಸಾಲದು ಎಂದಿತು ಕೋರ್ಟು. 1986ರ ಆಗಸ್ಟ್ 11ರಂದು ಮಕ್ಕಳನ್ನು ಶಾಲೆಗೆ ಮರಳಿ ಸೇರಿಸಿಕೊಳ್ಳಲು ಆದೇಶವಾಯಿತು. ವಕೀಲರ ಬಾಯಲ್ಲಿ ಇದು ಬಿಜೋ ಇಮ್ಯಾನುಯೆಲ್ ಪ್ರಕರಣ. ನಮ್ಮ ರಾಜ್ಯದ ಹಿಜಾಬ್ ವ್ಯಾಜ್ಯದಲ್ಲೂ ಇದರ ಮೇಲೆ ಸಾಕಷ್ಟು ವಾದ ನಡೆಯಿತು. 2022ರ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟಿದ್ದರಿಂದ, ಸೂಕ್ತ ಪೀಠ ರಚಿಸಲೆಂದು ಪ್ರಕರಣ ಮುಖ್ಯ ನ್ಯಾಯಮೂರ್ತಿಗಳ ಮುಂದೆ ಹೋಯಿತು.

ಬಿಜೋ ಇಮ್ಯಾನುಯೆಲ್ ತೀರ್ಪಿನಿಂದ ಸಾಮಾನ್ಯ ಓದುಗ ಜೇಬಿಗೆ ಹಾಕಿಕೊಳ್ಳಬೇಕಾದದ್ದು ಒಂದೇ ಪ್ರಶ್ನೆ. ಮನೆಯ ಪ್ರಾರ್ಥನೆ ನಿಲ್ಲಿಸಿ ಎಂದು ಯಾರಾದರೂ ಅಧಿಕಾರಿ ಬಾಯಿಮಾತಿನಲ್ಲಿ ಹೇಳಿದರೆ, ಖಬರಸ್ತಾನದ ಗೇಟಿಗೆ ಬೀಗ ಬಿದ್ದರೆ, ಜಗಳಕ್ಕೆ ಇಳಿಯಬೇಡಿ. ‘ಯಾವ ಕಾನೂನಿನಡಿ, ಸ್ವಾಮಿ? ಆದೇಶದ ಪ್ರತಿ ಕೊಡಿ’ ಎಂದು ಮೆಲ್ಲಗೆ ಕೇಳಿ. ಎಷ್ಟೋ ಸಲ ಆದೇಶವೇ ಇರುವುದಿಲ್ಲ. ಕೊಡದಿದ್ದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ‘ಅಂಥ ಆದೇಶ ಲಭ್ಯವಿಲ್ಲ’ ಎಂಬ ಉತ್ತರ ಬಂದರೆ ಅದೇ ನಿಮ್ಮ ಸಾಕ್ಷ್ಯ.

ಅಪರಾಧವೇ ನಡೆದಿದ್ದರೆ ದಾರಿ ಬೇರೆ. ಪೂಜಾಸ್ಥಳಕ್ಕೆ ಹಾನಿ ಮಾಡುವುದು (ಭಾರತೀಯ ನ್ಯಾಯ ಸಂಹಿತೆಯ ಕಲಂ 298), ನಡೆಯುತ್ತಿರುವ ಪ್ರಾರ್ಥನಾ ಸಭೆಗೆ ಅಡ್ಡಿಪಡಿಸುವುದು (300), ಸಮಾಧಿಸ್ಥಳಕ್ಕೆ ಅತಿಕ್ರಮವಾಗಿ ನುಗ್ಗುವುದು (301) ಮೂರೂ ಪೊಲೀಸರು ನೇರವಾಗಿ ಎಫ್‌ಐಆರ್ ಹಾಕಬೇಕಾದ ಅಪರಾಧಗಳು. ಇವು ಯಾವ ಒಂದು ಧರ್ಮಕ್ಕೂ ಮೀಸಲಲ್ಲ. ಕೋಮುದ್ವೇಷ ಹರಡುವ ಮಾತಿಗೆ ಕಲಂ 196 ಇದೆ. ಇಲ್ಲಿ ಠಾಣೆಯಲ್ಲೊಂದು ನೆಪ ಕೇಳಿಬರುವುದುಂಟು: ‘ಇದಕ್ಕೆ ಸರ್ಕಾರದ ಅನುಮತಿ ಬೇಕು, ಕೇಸು ತಗೊಳ್ಳೋಕಾಗಲ್ಲ.’ ಅರ್ಧ ಸತ್ಯ. ಅನುಮತಿ ಬೇಕಿರುವುದು ಕೋರ್ಟು ಪ್ರಕರಣವನ್ನು ವಿಚಾರಣೆಗೆ ಎತ್ತಿಕೊಳ್ಳುವ ಮುನ್ನ, ಎಫ್‌ಐಆರ್ ದಾಖಲಿಸಲು ಅಲ್ಲ.

ದೂರು ಬರೆಯುವಾಗ ಹೆಚ್ಚಿನವರು ಎಡವುವುದು ವಿಶೇಷಣಗಳಲ್ಲಿ. ‘ನಮ್ಮ ಧರ್ಮಕ್ಕೆ ಘೋರ ಅವಮಾನ ಮಾಡಿದ್ದಾರೆ’ ಎಂಬ ಸಾಲಿನಿಂದ ತನಿಖಾಧಿಕಾರಿಗೆ ಏನೂ ಸಿಗುವುದಿಲ್ಲ. ‘ಭಾನುವಾರ ಬೆಳಗ್ಗೆ 10.20ಕ್ಕೆ ಆರು ಜನ ಒಳಗೆ ಬಂದರು, ಮೈಕಿನ ವೈರು ಕಿತ್ತರು, ಹೀಗೆಂದರು’ ಎಂದು ಆಡಿದ ಮಾತನ್ನು ಆಡಿದಂತೆಯೇ ಬರೆಯಿರಿ, ಬೈಗುಳವಿದ್ದರೆ ಬೈಗುಳವನ್ನೂ. ಕಂಡವರ ಹೆಸರು, ಮೊಬೈಲಿನಲ್ಲಿ ವಿಡಿಯೊ ಇದ್ದರೆ ಅದರ ಉಲ್ಲೇಖ ಇರಲಿ. ಎರಡು ಪ್ರತಿ ಒಯ್ಯಿರಿ, ನಿಮ್ಮ ಪ್ರತಿಯ ಮೇಲೆ ಠಾಣೆಯ ಮೊಹರು, ಸಹಿ, ತಾರೀಕು ಹಾಕಿಸಿಕೊಳ್ಳಿ. ಎಫ್‌ಐಆರ್ ಪ್ರತಿ ನಿಮಗೆ ಉಚಿತವಾಗಿ ಸಿಗಬೇಕು. ಘಟನೆ ನಡೆದದ್ದು ಬೇರೆ ಠಾಣೆಯ ಸರಹದ್ದಿನಲ್ಲಾದರೂ ದೂರು ಪಡೆಯಲೇಬೇಕು. ಇ-ಮೇಲಿನಲ್ಲಿ ಕಳಿಸಿದರೆ ಮೂರು ದಿನದೊಳಗೆ ಹೋಗಿ ಸಹಿ ಮಾಡಬೇಕು.

ತೆಗೆದುಕೊಳ್ಳುವುದಿಲ್ಲ ಎಂದರೆ ಹಿಂಬರಹ ಕೇಳಿ. ಅದೂ ಇಲ್ಲವೆಂದರೆ ದೂರಿನ ಸಾರವನ್ನು ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173(4)ರ ಈ ಹೆಜ್ಜೆ ತಪ್ಪಿಸಿ ನೇರ ಮ್ಯಾಜಿಸ್ಟ್ರೇಟರ ಬಳಿ ಹೋದರೆ ಅರ್ಜಿ ಅಲ್ಲೇ ಕುಂಟುತ್ತದೆ. ಅಲ್ಲಿಗೆ ಹೋಗುವಾಗ ಪ್ರಮಾಣಪತ್ರವೂ (ಅಫಿಡವಿಟ್) ಜೊತೆಗಿರಬೇಕು.

ಅಲ್ಪಸಂಖ್ಯಾತರ ಆಯೋಗಕ್ಕೂ ದೂರು ಕೊಡಬಹುದು. ಕೇಂದ್ರದ ಕಾಯ್ದೆ 1992ರದು, ರಾಜ್ಯದ್ದು 1994ರದು. ಮುಸ್ಲಿಂ, ಕ್ರೈಸ್ತ, ಸಿಖ್, ಬೌದ್ಧ, ಪಾರ್ಸಿ, 2014ರಿಂದ ಜೈನರು ಕೇಂದ್ರದ ಪಟ್ಟಿಯಲ್ಲಿದ್ದಾರೆ. ಕೇಂದ್ರ ಆಯೋಗ ಅಧಿಕಾರಿಯನ್ನು ಕರೆಸಿ ಕಡತ ತರಿಸಬಲ್ಲದು. ಆದರೆ ಕೊನೆಗೆ ಕೊಡುವುದು ಶಿಫಾರಸು, ಕೋರ್ಟಿನ ಆದೇಶವಲ್ಲ. ಬರೀ ಆಯೋಗವನ್ನೇ ನಂಬಿ ಠಾಣೆಯ ದಾರಿ ಬಿಡಬೇಡಿ.

ಬಾಡಿಗೆ ಮನೆ ಕೇಳಲು ಹೋಗಿ, ಹೆಸರು ಹೇಳಿದೊಡನೆ ‘ಮನೆ ಕೊಟ್ಟಾಯ್ತು’ ಎನಿಸಿಕೊಂಡವರಿಗೆ ಮಾತ್ರ ನನ್ನಲ್ಲಿ ಒಳ್ಳೆಯ ಉತ್ತರವಿಲ್ಲ. ಸಂವಿಧಾನದ 15ನೇ ವಿಧಿ ಸರ್ಕಾರವನ್ನು ಕಟ್ಟಿಹಾಕುತ್ತದೆ, ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳಲ್ಲಿ ಭೇದ ಮಾಡಬಾರದೆನ್ನುತ್ತದೆ. ಖಾಸಗಿ ಮನೆಯ ಬಾಗಿಲು ಆ ಪಟ್ಟಿಯಲ್ಲಿಲ್ಲ. ಶಾಸನಸಭೆ ತುಂಬಬೇಕಾದ ಕಂದಕವಿದು.

ವಕೀಲರ ಫೀಸಿನ ಚಿಂತೆಯೇ? ಉಚಿತ ಕಾನೂನು ನೆರವು ಧರ್ಮ ನೋಡಿ ಸಿಗುವುದಿಲ್ಲ. ಹೆಂಗಸರು, ಮಕ್ಕಳು, ಪರಿಶಿಷ್ಟರು, ಬಂಧನದಲ್ಲಿರುವವರು ಎಷ್ಟೇ ಆದಾಯವಿದ್ದರೂ ಅರ್ಹರು, ಗಂಡಸರಿಗೆ ಸಾಮಾನ್ಯವಾಗಿ ಆದಾಯದ ಮಿತಿ ಇದೆ. ತಾಲ್ಲೂಕು ಕೋರ್ಟಿನ ಆವರಣದಲ್ಲಿ ಕಾನೂನು ಸೇವಾ ಸಮಿತಿಯ ಕಚೇರಿ ವಿಚಾರಿಸಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಹೋಗುವಾಗ ಠಾಣೆಯ ಮೊಹರು ಬಿದ್ದ ದೂರಿನ ಆ ಪ್ರತಿ ಕೈಯಲ್ಲಿರಲಿ.